ಬಸವಂತ್ರಾಯನ ಮನೆ ಸಣ್ಣದಾದದ್ದು

ಈ ಸಲವೂ ಚಿತ್ರದಲ್ಲಿ ಆಳ ಬರದಿದ್ದರೆ ಮೂರನೇ ತರಗತಿಯ ಮಕ್ಕಳ ಸಾಲಿನಲ್ಲಿ ಕೂರಿಸುತ್ತೇನೆ ಎಂದು ಸುರಪುರದ ಡ್ರಾಯಿಂಗ್ ಮಾಸ್ತರ ಅರ್ಜುನ ಸರ್ ಹೇಳಿಬಿಟ್ಟಿದ್ದರು. ಭಾನುವಾರ ಸಂಜೆ ಅವರ ಚಿತ್ರದ ಕ್ಲಾಸಿಗೆ ಹೋಗುತ್ತಿದ್ದ ಶಹಾಪುರದ ಸರ್ಕಾರಿ ಗುಮಾಸ್ತ ಮರಿಲಿಂಗಪ್ಪನಿಗೆ ಐವತ್ತೆರಡು ವರ್ಷ. ಅವನು ಮೊದಲು ಬರೆದ ರಸ್ತೆ ಗೋಡೆಗೆ ಒರಗಿಸಿದ ಏಣಿಯಂತೆ ನಿಂತಿತ್ತು. ಎರಡನೆಯದರಲ್ಲಿ ದೂರದ ಎಮ್ಮೆ ಹತ್ತಿರದ ಬಸ್ಸಿಗಿಂತ ದೊಡ್ಡದಾಗಿತ್ತು.

ಭಾನುವಾರ ಬೆಳಿಗ್ಗೆ ತನ್ನ ಮನೆಯ ಕಟ್ಟೆಯ ಮೇಲೆ ಕೂತು ಓಣಿಯನ್ನೇ ಬರೆಯತೊಡಗಿದ. ಸರ್ ಕಲಿಸಿದಂತೆ ಪೆನ್ಸಿಲ್ ಹಿಡಿದ ಕೈ ಚಾಚಿ, ಒಂದು ಕಣ್ಣು ಮುಚ್ಚಿ, ಎದುರಿನ ಬಾಗಿಲಿನ ಎತ್ತರ ನೋಡಿದ. ಆ ಬಾಗಿಲಲ್ಲಿ ಎಪ್ಪತ್ತರ ಅಮೃತಮ್ಮ ಜೋಳ ಹಸನು ಮಾಡುತ್ತಿದ್ದಳು.

"ಏ ಮರಿಲಿಂಗ, ಈ ವಯಸ್ಸಿನ್ಯಾಗ ನನಗ ಕಣ್ಣ ಹೊಡಿತಿ?"

"ಅಯ್ಯೋ, ಇಲ್ಲಬೇ! ಮನಿ ಅಳತಿ ತಗೊಳ್ಳಾಕತ್ತೀನಿ."

ಕಣ್ಣು ಹೊಡೆದೆ ಎಂದು ಒಪ್ಪಿಕೊಂಡಿದ್ದರೇ ಚೆನ್ನಾಗಿತ್ತು. ಸರ್ಕಾರಿ ಮನುಷ್ಯ ಮನೆ ಅಳೆಯುತ್ತಿದ್ದಾನೆಂದರೆ ರಸ್ತೆ ಅಗಲ ಮಾಡುವುದಕ್ಕಲ್ಲದೆ ಮತ್ತೇಕೆ? ಕಾಲು ಗಂಟೆಯಲ್ಲಿ ಅರ್ಧ ಓಣಿ ಕಟ್ಟೆಯ ಸುತ್ತ ನೆರೆಯಿತು. ಓಣಿಯ ಕೊನೆಯಲ್ಲಿ ಹೊಸದಾಗಿ ಎರಡಂತಸ್ತಿನ ಮನೆ ಕಟ್ಟಿಸಿದ್ದ ಹತ್ತಿ ವ್ಯಾಪಾರಿ ಬಸವಂತ್ರಾಯ ಬನಿಯನ್ನಿನಲ್ಲೇ ಓಡಿಬಂದು ಹಾಳೆ ಕಸಿದುಕೊಂಡ.

"ಇದೇನ್ರಿ! ವಹಾಬನ ಚಹಾದಂಗಡಿ ಅರಮನಿ ಆಗ್ಯಾದ, ನನ್ನ ಮಾಳಿಗಿ ಮನಿ ಕಡ್ಡಿಪೆಟಗಿ ಆಗ್ಯಾದ! ಒಡೆದ ಮ್ಯಾಲ ಇಷ್ಟೇ ಉಳೀತದೇನು?"

"ದೂರ ಇದ್ದದ್ದು ಸಣ್ಣದ ಕಾಣ್ತದ್ರಿ."

"ನಾ ಹಗಲೂ ರಾತ್ರಿ ಅಲ್ಲೇ ಇರ್ತೀನಿ. ನನಗ ಒಂದಿನಾನೂ ಸಣ್ಣದ ಕಂಡಿಲ್ಲ! ಮತ್ತ ಎಲ್ಲಾ ಗೆರಿ ಬಂದು ನನ್ನ ಬಾಗಿಲಿಗೇ ಯಾಕ ಕೂಡ್ಯಾವ? ಬುಲ್ಡೋಜರ್ ಬರೋ ದಾರಿ ಏನಿದು?"

ಗುಂಪು ಹೋ ಎಂದಿತು. ಯಾರೋ ಹಾಳೆ ಹರಿಯಿರಿ ಎಂದರು. ಕೊನೆಗೆ ಮರಿಲಿಂಗಪ್ಪ ಧೈರ್ಯ ಮಾಡಿ ಬಸವಂತ್ರಾಯನನ್ನೇ ಕಟ್ಟೆಯ ಮೇಲೆ ಕೂರಿಸಿ, ಕೈಗೆ ಪೆನ್ಸಿಲ್ ಕೊಟ್ಟ.

"ಒಂದ ಕಣ್ಣ ಮುಚ್ರಿ. ಈಗ ನಿಮ್ಮ ಮನಿ ನೋಡ್ರಿ."

ಬಸವಂತ್ರಾಯ ನೋಡಿದ. ಮತ್ತೊಮ್ಮೆ ನೋಡಿದ. ಅವನ ಎರಡಂತಸ್ತೂ ಪೆನ್ಸಿಲ್ಲಿನ ಮೊನೆಯ ಹಿಂದೆ ಅಡಗಿಹೋಗಿದ್ದವು. "ಅರೆ! ಖರೇನ ಸಣ್ಣದ ಅದಲ್ರೀ!"

ಆಮೇಲೆ ಸರದಿ ಹಚ್ಚಿ ಎಲ್ಲರೂ ಒಂದೊಂದು ಕಣ್ಣು ಮುಚ್ಚಿ ನೋಡಿದರು. ಒಡೆಯುವುದು ಯಾವುದೂ ಇಲ್ಲವೆಂದು ತಿಳಿದು ಓಣಿಗೆ ಓಣಿಯೇ ನಿರಾಳವಾಯಿತು. ವಹಾಬ ಎಲ್ಲರಿಗೂ ಚಹಾ ಕೊಟ್ಟ. ಚಿತ್ರವೂ ಪೂರ್ತಿಯಾಯಿತು, ಅದರಲ್ಲಿ ಓಣಿ ನಿಜವಾಗಿಯೂ ದೂರ, ದೂರ ಹೋಗುತ್ತಿತ್ತು.

ಮರಿಲಿಂಗಪ್ಪ ಹಗುರಾಗಿ ಒಳಗೆ ಬಂದು ಹೆಂಡತಿ ಸಾವಿತ್ರಿಬಾಯಿಗೆ ತೋರಿಸಿದ.

"ಚಂದ ಅದ್ರಿ. ನಮ್ಮ ಮನಿ ಎಲ್ಲಿ?"

"ನಾ ಕುಂತದ್ದೇ ನಮ್ಮ ಕಟ್ಟಿ ಮ್ಯಾಲ. ಬೆನ್ನ ಹಿಂದಿಂದು ಹ್ಯಾಂಗ ಕಾಣ್ತದ?"

"ವಹಾಬನ ಅಂಗಡಿ ಕಾಣ್ತದ, ಅಮೃತಮ್ಮನ ಕೋಳಿ ಕಾಣ್ತದ, ನಮ್ಮ ಮನಿ ಕಾಣಂಗಿಲ್ಲ? ನಿಮಗ ರೊಟ್ಟಿ ಮಾಡೋ ಒಲಿನೂ ಬೆನ್ನ ಹಿಂದೇ ಅದ."

ಸುರಪುರದ ಬಸ್ಸಿಗೆ ಒಂದು ಗಂಟೆಯಷ್ಟೇ ಉಳಿದಿತ್ತು. ಹೊಟ್ಟೆ ಬೇರೆ ತಾಳ ಹಾಕುತ್ತಿತ್ತು. ಹಾಳೆಯಲ್ಲಿ ಖಾಲಿಯಿದ್ದದ್ದು ರಸ್ತೆಯ ನಡುಮಧ್ಯ ಮಾತ್ರ. ಮರಿಲಿಂಗಪ್ಪ ಅಲ್ಲೇ, ಕಟ್ಟೆ ಬಾಗಿಲು ಸಮೇತ, ತನ್ನ ಮನೆಯನ್ನು ರಸ್ತೆ ತುಂಬುವಷ್ಟು ದೊಡ್ಡದಾಗಿ ಬರೆದ. ಸಾವಿತ್ರಿಬಾಯಿ ಇನ್ನೂ ಒಂದು ಕಿಟಕಿ ಹೇಳಿ ಹಾಕಿಸಿದಳು. ನಂತರ ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ ಬಂದವು.

ಸಂಜೆ ಅರ್ಜುನ ಸರ್ ಹಾಳೆಯನ್ನು ಹತ್ತಿರ ಹಿಡಿದರು, ದೂರ ಹಿಡಿದರು.

"ಮನಿ ಚಂದ ಬರದೀರಿ. ಆದ್ರ ಆಳ ಎಲ್ಲಿ ಅದ್ರಿ?"

"ಮನಿ ಹಿಂದ ಅದ್ರಿ ಸರ," ಎಂದು ತೃಪ್ತಿಯಿಂದ ತೇಗಿದ ಮರಿಲಿಂಗಪ್ಪ, ಸರ್ ಬಾಯಿ ತೆರೆಯುವ ಮೊದಲೇ ಚೀಲ ಎತ್ತಿಕೊಂಡು ಮೂರನೇ ತರಗತಿಯ ಮಕ್ಕಳ ಸಾಲಿಗೆ ಹೋಗಿ ಕೂತ.