ಐದು ಟಯರಿನ ಜೋಗುಳ

ಮಗಳು ತೂದಾ ಹೆಜ್ಜೆ ಇಡುವುದರೊಳಗೆ ಅವಳಿಗೆ ಮೂರು ರಾಷ್ಟ್ರೀಯ ಉದ್ಯಾನ ತೋರಿಸಿಯೇ ಸಿದ್ಧ ಎಂದು ಬೂಶ್ತಾ ಶಪಥ ಮಾಡಿದ್ದು ಒಂದು ಶುಕ್ರವಾರ, ಕುಸ್ಕುಸ್ ತಟ್ಟೆಯ ಮುಂದೆ. ಶಪಥ ಅಂದಮೇಲೆ ಕೈ ಎತ್ತಬೇಕಲ್ಲ, ಎತ್ತಿದ. ಕೈಯಲ್ಲಿ ಬೆಂದ ಕ್ಯಾರೆಟ್ ಇತ್ತು. ಅದು ಜಾರಿ ಮಡಿಲಲ್ಲಿ ಕೂತಿದ್ದ ತೂದಾಳ ನೆತ್ತಿಯ ಮೇಲೆ ಬಿತ್ತು. ಎಂಟು ತಿಂಗಳ ಕೂಸು, ಅಪ್ಪನ ಶಪಥದಲ್ಲಿ ತನಗೆ ಸಿಕ್ಕ ಪಾಲು ಇದೇ ಎಂದುಕೊಂಡು ನೆತ್ತಿ ತಡವಿ ನಕ್ಕಿತು.

"ಅದಕ್ಕೆ ತನ್ನ ಕಾಲ್ಬೆರಳು ತನ್ನದೇ ಅಂತಾನೇ ಇನ್ನೂ ಗೊತ್ತಾಗಿಲ್ಲ" ಎಂದಳು ಬೂಶ್ತಾನ ತಾಯಿ ಹನಿಯಾ. "ನೆಂಟರು ಬಂದ ಹಾಗೆ ನೋಡ್ತಾ ಕೂತಿರುತ್ತೆ. ನೀನು ಕಾಡು ತೋರಿಸೋಕೆ ಹೊರಟಿದ್ದೀಯಲ್ಲ ಮಗಾ."

ಬೂಶ್ತಾ ಮಾತಿನವನಲ್ಲ. ಆದರೆ ಹಿಡಿದ ಹಟ ಬಿಡುವವನೂ ಅಲ್ಲ.

ಅವನದು ಪಂಕ್ಚರ್ ಅಂಗಡಿ. ಮೆಕ್ನೆಸ್ ಊರು ಮುಗಿದು ಬೆಟ್ಟದ ರಸ್ತೆ ಶುರುವಾಗುವ ತಿರುವಿನಲ್ಲಿ ಅಂಗಡಿ, ಅದರ ಬೆನ್ನಿಗೇ ಎರಡು ಕೋಣೆಯ ಮನೆ. ಬೇಸಿಗೆ ಬಂತೆಂದರೆ ಊರಿಗೆ ಊರೇ ತಂಪು ಹುಡುಕಿಕೊಂಡು ಅವನ ಮುಂದೆಯೇ ಬೆಟ್ಟ ಹತ್ತುತ್ತದೆ. ಎಲ್ಲರ ಟಯರಿಗೂ ಗಾಳಿ ಹಾಕಿ, "ಹೋಗಿ ಬನ್ನಿ" ಎಂದು ಕೈ ಬೀಸಿದವನು ಅವನು. ತಾನು ಮಾತ್ರ ಒಮ್ಮೆಯೂ ಹೋದವನಲ್ಲ. ವಾಪಸ್ ಬಂದ ಗಾಡಿಗಳ ಟಯರಿನ ಗೀರಿನಲ್ಲಿ ದೇವದಾರುವಿನ ಸೂಜಿಯೆಲೆ ಸಿಕ್ಕಿರುತ್ತಿತ್ತು, ಕೆರೆದಂಡೆಯ ಕೆಸರು, ಕೆಂಪು ಮಣ್ಣು ಸಿಕ್ಕಿರುತ್ತಿತ್ತು. ಬೆಟ್ಟವೆಂದರೆ ಅವನಿಗೆ ಟಯರಿನಿಂದ ಸ್ಕ್ರೂಡ್ರೈವರಿನಲ್ಲಿ ಕೆರೆದು ತೆಗೆಯುವ ವಸ್ತು. ಮಗಳಿಗೂ ಹಾಗೇ ಆಗಬಾರದು ಎಂಬುದಷ್ಟೇ ಅವನ ಆಸೆ.

ಮಾತು ಕಡಿಮೆಯಾದರೂ ಒಂದು ಉಪದೇಶ ಮಾತ್ರ ಅವನ ನಾಲಿಗೆಯ ತುದಿಯಲ್ಲಿರುತ್ತಿತ್ತು. ಬೆಟ್ಟಕ್ಕೆ ಹೊರಟ ಪ್ರತಿಯೊಬ್ಬ ಗಿರಾಕಿಗೂ ಅದನ್ನು ಹೇಳಿಯೇ ಕಳಿಸುತ್ತಿದ್ದ: "ಪಂಪಿಲ್ಲದೆ ಬೆಟ್ಟ ಹತ್ತೋನು ಕತ್ತೆ." ಕೆಲವರು ನಗುತ್ತಿದ್ದರು, ಕೆಲವರು ಮುಖ ಗಂಟಿಕ್ಕುತ್ತಿದ್ದರು. ಬೆನಾಶಿರ್ ಎಂಬ ಆಲಿವ್ ವ್ಯಾಪಾರಿಯಂತೂ ಹೋದ ಬೇಸಿಗೆಯಲ್ಲಿ ಇಡೀ ಸಂಸಾರದ ಎದುರು ಈ ಮಾತು ಕೇಳಿಸಿಕೊಂಡು ಕಿವಿಯವರೆಗೂ ಕೆಂಪಾಗಿ ಹೋಗಿದ್ದ.

ಹೆಂಡತಿಯ ಹೆಸರು ಇತ್ತೋ. ಅವಳು ಪ್ರವಾಸಕ್ಕೆ ಬೇಡ ಅನ್ನಲಿಲ್ಲ. ಒಂದೇ ಷರತ್ತು ಹಾಕಿದಳು. ತೂದಾಳ ಮಧ್ಯಾಹ್ನದ ನಿದ್ದೆ ತಪ್ಪಬಾರದು. ತಪ್ಪಿತೋ, ನಿಂತ ಜಾಗದಿಂದಲೇ ಗಾಡಿ ಮನೆ ಕಡೆ ತಿರುಗಬೇಕು. ನಿದ್ದೆ ತಪ್ಪಿದ ತೂದಾ ಹಾಲು ಮುಟ್ಟುವುದಿಲ್ಲ, ಅತ್ತೂ ಅತ್ತೂ ಬಾಡಿದ ಪುದೀನ ಸೊಪ್ಪಿನಂತಾಗುತ್ತಾಳೆ. ಅದನ್ನು ಒಮ್ಮೆ ನೋಡಿದವರು ಇನ್ನೊಮ್ಮೆ ನೋಡಲಾರರು. ಬೂಶ್ತಾ ಒಪ್ಪಿದ.

ಒಪ್ಪುವುದು ಸುಲಭ. ತೂದಾ ಮಲಗುವುದು ಸುಲಭವಲ್ಲ. ಹನಿಯಾ ಮನೆಯಲ್ಲೇ ಕಡಲೆ ಬೇಯಿಸಿ, ಜೀರಿಗೆ ಉಪ್ಪು ಉದುರಿಸಿ, ಬೀದಿಯಲ್ಲಿ ಮಾರುವವಳು. ದಿನಾ ಮಧ್ಯಾಹ್ನ ಅವಳ ಕುಕ್ಕರ್ ಕೂಗುತ್ತದೆ. ಅದರ ವೇಟು ಗಿರಗಿರ ತಿರುಗುತ್ತ "ಚುಸ್ಸ್, ಚುಸ್ಸ್" ಅನ್ನುತ್ತದೆ. ತೂದಾ ಹುಟ್ಟಿ ಮನೆಗೆ ಬಂದ ದಿನದಿಂದ ಆ ಸದ್ದಿನ ಮಡಿಲಲ್ಲೇ ಮಲಗಿದ್ದು. ಬೇರೆ ಜೋಗುಳ ಅವಳಿಗೆ ಒಗ್ಗದು. ಹಾಡಿದರೆ ಹಾಡುವವರ ಬಾಯೊಳಗೆ ಕೈ ಹಾಕಿ ನೋಡುತ್ತಾಳೆ. ಹೀಗಾಗಿ ರಂಜಾನ್ ತಿಂಗಳಲ್ಲೂ ಮಧ್ಯಾಹ್ನಕ್ಕೆ ಬರೀ ನೀರು ಹಾಕಿ ಕುಕ್ಕರ್ ಕೂಗಿಸಬೇಕಾಯಿತು. ಊರೆಲ್ಲ ಉಪವಾಸ, ಬೂಶ್ತಾನ ಮನೆಯಲ್ಲಿ ಅಡುಗೆ ಎಂದು ಕೇರಿ ತುಂಬ ಗುಸುಗುಸು. ಕೊನೆಗೆ ಹನಿಯಾ ನೆರೆಹೊರೆಯವರನ್ನು ಕರೆದು, ಮುಚ್ಚಳ ತೆಗೆದು, ಕುದಿಯುವ ನೀರು ತೋರಿಸಿ ಮಾನ ಉಳಿಸಿಕೊಂಡಳು.

ಆದ್ದರಿಂದ ಪ್ರವಾಸಕ್ಕೆ ಕುಕ್ಕರ್ ಬರಲೇಬೇಕು. ಕುಕ್ಕರಿನ ಜೊತೆಗೆ ಸಣ್ಣ ಗ್ಯಾಸ್ ಬುಡ್ಡಿ, ಗ್ಯಾಸಿನ ಜೊತೆಗೆ ಒಲೆ. ಒಲೆ ಬಂದಮೇಲೆ ಚಹಾದ ಕೆಟಲ್ ಬಾರದೆ ಇರುತ್ತದೆಯೇ? ಕೆಟಲ್ಲಿಗೆ ಪುದೀನ, ಕೂರಲು ಕಂಬಳಿ, ಒರಗಲು ದಿಂಬು. ಹಳೆಯ ವ್ಯಾನು ಹೊಟ್ಟೆ ಬಿರಿಯುವಂತಾಯಿತು. ಇನ್ನು ಉಳಿದದ್ದು ಬೂಶ್ತಾನ ಗಾಳಿ ಪಂಪು. ಅದಕ್ಕೆ ಜಾಗವಿರಲಿಲ್ಲ.

ಪಂಪು ಬೇಡವಾ ಎಂದು ಇತ್ತೋ ಕೇಳಿದಳು.

"ನಾನೇ ಹಾಕಿದ ಗಾಳಿ" ಎಂದ ಬೂಶ್ತಾ, ಟಯರಿಗೆ ಒಮ್ಮೆ ಒದ್ದು. "ಇದು ಬಿಟ್ಟು ಹೋಗೋ ಗಾಳಿ ಅಲ್ಲ."

ಬಿಸ್ಮಿಲ್ಲಾ ಎಂದು ಹೊರಟರು.

ಮೊದಲನೆಯ ಉದ್ಯಾನ ಆಝ್ರೂ ಊರಿನ ಮೇಲಿರುವ ದೇವದಾರು ಕಾಡು. ಬೂಶ್ತಾ ವ್ಯಾನಿನಿಂದ ಇಳಿದು ಕತ್ತೆತ್ತಿದವನು ಸ್ವಲ್ಪ ಹೊತ್ತು ಇಳಿಸಲಿಲ್ಲ. ಟಯರಿನಿಂದ ಕೆರೆದು ತೆಗೆಯುತ್ತಿದ್ದ ಆ ಸೂಜಿಯೆಲೆ ಇಷ್ಟು ಎತ್ತರದಿಂದ ಬೀಳುತ್ತಿತ್ತೇ! ನೋಡು ಮಗಳೇ ಎಂದು ತೂದಾಳನ್ನು ಎತ್ತಿ ಹಿಡಿದ. ತೂದಾ ಅವನ ಮೂಗು ನೋಡಿದಳು. ಕಣ್ಣು ಉಜ್ಜಿಕೊಂಡಳು. ನಿದ್ದೆಯ ಹೊತ್ತಾಗಿತ್ತು.

ಸುತ್ತ ಮರಮರದ ಬುಡದಲ್ಲೂ ಕಂಬಳಿ ಹಾಸಿಕೊಂಡ ಸಂಸಾರಗಳು. ಎಲ್ಲರ ಕೆಂಡದ ಮೇಲೂ ಮಣ್ಣಿನ ಮಡಕೆ, ಅದರಲ್ಲಿ ಸದ್ದಿಲ್ಲದೆ ಬೇಯುವ ಮಾಂಸ. ಕಾಡಿಗೆ ಕುಕ್ಕರ್ ತಂದವರು ಇವರೊಬ್ಬರೇ. ಹನಿಯಾ ಒಲೆ ಹಚ್ಚಿ, ಕಡಲೆ ಹಾಕಿ, ಮುಚ್ಚಳ ಬಿಗಿದಳು. ಆವಿ ಬರಲಿ ಎಂದು ವೇಟನ್ನು ಕಂಬಳಿಯ ಮೇಲಿಟ್ಟಳು.

ವರ್ಷಗಟ್ಟಲೆ ಕಡಲೆಯ ಆವಿ ಕುಡಿದ ವೇಟದು. ಜೀರಿಗೆಯ ಘಮ ಅದರ ಮೈಗೇ ಹತ್ತಿತ್ತು. ಮರದಿಂದ ಇಳಿದು ಬಂದ ಒಂದು ಠೊಣಪ ಕೋತಿ, ಬಾಲವೇ ಇಲ್ಲದ್ದು, ಮದುವೆ ಮನೆಯ ಯಜಮಾನನ ಹಾಗೆ ನಡೆದು ಬಂದು, ವೇಟನ್ನೆತ್ತಿ ಮೂಸಿ, ಒಮ್ಮೆ ನೆಕ್ಕಿ, ಮರ ಹತ್ತಿತು.

ಮಂಗನ ಕೈಗೆ ಮಾಣಿಕ್ಯ ಸಿಕ್ಕಿದರೆ ಯಾರಿಗೇನು ನಷ್ಟ? ಕುಕ್ಕರಿನ ವೇಟು ಸಿಕ್ಕಿತಲ್ಲ, ಅದು ಗ್ರಹಚಾರ.

ಹನಿಯಾ ಮರದ ಬುಡದಲ್ಲಿ ನಿಂತು ಸಂಧಾನ ಶುರು ಮಾಡಿದಳು. ಕೋತಿಗಳಿಗೆ ಏನೂ ಕೊಡಬೇಡಿ ಎಂದು ಬೋರ್ಡ್ ಇತ್ತು. ಅವಳಿಗೆ ಓದು ಬರದು, ಬಂದಿದ್ದರೂ ಕೇಳುವವಳಲ್ಲ. ಮೊದಲು ರೊಟ್ಟಿ ಕೊಟ್ಟಳು. ಕೋತಿ ಒಂದು ಕೈಯಲ್ಲಿ ತೆಗೆದುಕೊಂಡಿತು. ಖರ್ಜೂರ ಕೊಟ್ಟಳು, ತೆಗೆದುಕೊಂಡಿತು. ಇನ್ನೊಂದು ಕೈ ಮಾತ್ರ ಬಿಡಲಿಲ್ಲ.

"ತಿಂದ ಮನೆಗೆ ದ್ರೋಹ ಮಾಡ್ತೀಯಾ?" ಎಂದು ಹನಿಯಾ ಅದನ್ನು ಸೋದರಳಿಯನಂತೆ ಗದರಿದಳು.

ಅಷ್ಟರಲ್ಲಿ ತೂದಾ ಶುರು ಮಾಡಿದ್ದಳು. ವೇಟಿಲ್ಲದ ಕುಕ್ಕರ್ "ಫೂ" ಎಂದು ಸುಮ್ಮನೆ ಉಸಿರು ಬಿಡುತ್ತಿತ್ತು. ಆ ಮೋಸಕ್ಕೆ ಅವಳು ಬೀಳಲಿಲ್ಲ. ಇತ್ತೋ ಎದೆಗೆ ಹಾಕಿಕೊಂಡು ತಟ್ಟಿದಳು, ಅಳು ಹೆಚ್ಚಾಯಿತು. ಪಕ್ಕದ ಕಂಬಳಿಯ ಹೆಂಗಸರು ಬಂದು ಒಬ್ಬೊಬ್ಬರಾಗಿ "ಚುಸ್ಸ್ ಚುಸ್ಸ್" ಎಂದು ನೋಡಿದರು. ಬೂಶ್ತಾನೂ ಅಂದ. ಅಂದೂ ಅಂದೂ ತುಟಿ ಒಣಗಿತು. ತೂದಾಳ ಮುಖ ಕೆಂಪಾಯಿತು, ಬಾಟಲಿಯನ್ನು ದೂಡಿದಳು, ಧ್ವನಿ ಗೊಗ್ಗರಾಗತೊಡಗಿತು.

ಇತ್ತೋ ಗಂಡನ ಕಡೆ ತಿರುಗಿದಳು. ಜಗಳವಾಡುವ ಮುಖವಲ್ಲ, ಅದೇ ಅವನಿಗೆ ಕಷ್ಟವಾದದ್ದು.

"ಹೋಗೋಣ" ಎಂದಳು. "ಮುಂದಿನ ವರ್ಷ ಬರೋಣಂತೆ."

ಮುಂದಿನ ವರ್ಷ ಅನ್ನುವ ಮಾತನ್ನು ಬೂಶ್ತಾ ತನಗೆ ತಾನೇ ಎಷ್ಟೋ ವರ್ಷ ಹೇಳಿಕೊಂಡಿದ್ದ. ಹೊರಡುವ ಮುಂಚೆ ಟಯರು ನೋಡುವುದು ಅಭ್ಯಾಸ. ಕೈ ತಾನಾಗಿ ಮುಂದಿನ ಟಯರಿನ ವಾಲ್ವಿಗೆ ಹೋಯಿತು. ಮುಚ್ಚಳ ತೆಗೆದು ಉಗುರಿನಿಂದ ಒಮ್ಮೆ ಒತ್ತಿದ.

ಚುಸ್ಸ್.

ತೂದಾ ಅಳು ನಿಲ್ಲಿಸಿದಳು.

ಬೂಶ್ತಾ ಹೆಂಡತಿಯನ್ನು ನೋಡಿದ. ಇತ್ತೋ ಗಂಡನನ್ನು ನೋಡಿದಳು. ಅವನು ಮತ್ತೆ ಒತ್ತಿದ. ಒತ್ತಿ ಬಿಟ್ಟ, ಒತ್ತಿ ಬಿಟ್ಟ. ಅಮ್ಮನ ಕುಕ್ಕರಿನ ತಾಳ ಅವನಿಗೆ ಬಾಯಿಪಾಠವಿತ್ತು. ಹುಟ್ಟಿದಾಗಿನಿಂದ ಅದೇ ಸದ್ದಿಗೆ ತಾನೇ ಅವನೂ ಮಲಗಿದ್ದು! ಇತ್ತೋ ಮಗುವನ್ನೆತ್ತಿಕೊಂಡು ಚಕ್ರದ ಪಕ್ಕ ನೆಲದ ಮೇಲೆಯೇ ಕೂತಳು. ತೂದಾಳ ರೆಪ್ಪೆ ಭಾರವಾಯಿತು. ಆಗ ಟಯರು ಖಾಲಿಯಾಯಿತು. ರೆಪ್ಪೆ ತೆರೆಯಿತು, ಬಾಯಿಯೂ ತೆರೆಯಿತು.

ಬೂಶ್ತಾ ಎರಡನೆಯ ಟಯರಿಗೆ ಹಾರಿದ. ಇತ್ತೋ ಕೂಸಿನೊಂದಿಗೆ ಹಿಂದೆಯೇ ಓಡಿದಳು. ಗಾಳಿ ನಿಂತರೆ ಅಳು, ಅಳು ನಿಲ್ಲಬೇಕಾದರೆ ಗಾಳಿ. ಎರಡನೆಯದು ಮುಗಿಯಿತು, ಮೂರನೆಯದು ಮುಗಿಯಿತು. ವ್ಯಾನು ಮುದಿ ಒಂಟೆಯ ಹಾಗೆ ಒಂದೊಂದೇ ಮಂಡಿ ಊರಿತು. ಕಂಬಳಿಗಳ ಮೇಲಿದ್ದವರೆಲ್ಲ ಎದ್ದು ಬಂದು ಸುತ್ತ ನಿಂತರು, ಯಾರೂ ಕೆಮ್ಮಲೂ ಇಲ್ಲ. ನಾಲ್ಕನೆಯದೂ ಖಾಲಿ. ತೂದಾಳ ಒಂದು ಕಣ್ಣು ಮುಚ್ಚಿತ್ತು, ಇನ್ನೊಂದು ಅಪ್ಪನನ್ನೇ ನೋಡುತ್ತಿತ್ತು. ಬೂಶ್ತಾ ಗ್ಯಾಸ್ ಬುಡ್ಡಿ, ದಿಂಬುಗಳನ್ನು ಎತ್ತಿ ಎಸೆದು, ಅಡಿಯಲ್ಲಿದ್ದ ಸ್ಟೆಪ್ನಿಯನ್ನು ಎಳೆದು ತಂದ.

ಆ ಐದನೆಯ ಟಯರಿನ ಕೊನೆಯ ಉಸಿರಿಗೆ ತೂದಾ ಮಲಗಿದಳು. ಬಾಯಿ ಅರೆ ತೆರೆದು, ಮುಷ್ಟಿ ಬಿಚ್ಚಿ, ರಾಣಿಯ ಹಾಗೆ.

ಸರಿಯಾಗಿ ಆಗಲೇ ಕೋತಿಗೆ ವೇಟು ಬೇಸರವಾಯಿತು. ಮೇಲಿನಿಂದ ಕೈ ಬಿಟ್ಟಿತು. ವ್ಯಾನಿನ ತಲೆಯ ಮೇಲೆ ಅದು "ಟಣ್" ಎಂದು ಬಿದ್ದು, ಉರುಳಿ, ಬೂಶ್ತಾನ ಕಾಲ ಬಳಿ ನಿಂತಿತು. ಎಲ್ಲರೂ ಉಸಿರು ಬಿಗಿಹಿಡಿದು ಕೂಸನ್ನು ನೋಡಿದರು. ಕೂಸು ಅಲುಗಲಿಲ್ಲ.

ಇತ್ತೋ ಪಿಸುಮಾತಿನಲ್ಲಿ ಹೇಳಿದಳು: "ಈಗ ಆ ಗಾಳೀನ ವಾಪಸ್ ಕರಿ."

ಬೂಶ್ತಾ ನಾಲ್ಕು ಟಯರನ್ನೂ ನೋಡಿದ. ನಿದ್ದೆ ತಪ್ಪಿರಲಿಲ್ಲ, ಆದ್ದರಿಂದ ಮನೆಗೆ ತಿರುಗಬೇಕಾಗಿಲ್ಲ. ಆದರೆ ತಿರುಗಿಸುತ್ತೇನೆಂದರೂ ಗಾಡಿ ತಿರುಗುವ ಸ್ಥಿತಿಯಲ್ಲಿರಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಮಜ್ಜಿಗೆಯಲ್ಲಿ ಬಿದ್ದಿತ್ತು.

ಗುಂಪಿನ ಹಿಂದಿನಿಂದ ಒಬ್ಬ ದಪ್ಪ ಮನುಷ್ಯ ದಾರಿ ಮಾಡಿಕೊಂಡು ಬಂದ. ಆಲಿವ್ ವ್ಯಾಪಾರಿ ಬೆನಾಶಿರ್. ಬೂಶ್ತಾನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೆನಾಶಿರ್ ಬಗ್ಗಿ ಒಂದೊಂದು ಟಯರನ್ನೂ ಮುಟ್ಟಿ ನೋಡಿದ. ಮಲಗಿದ್ದ ಕೂಸನ್ನು ನೋಡಿದ. ಆಮೇಲೆ ಅತ್ಯಂತ ಮರ್ಯಾದೆಯಿಂದ ಕೇಳಿದ:

"ಮೇಸ್ತ್ರಿ, ಪಂಪ್ ಎಲ್ಲಿ?"

"ಮನೇಲಿ."

ಬೆನಾಶಿರನ ಹೆಂಡತಿ ಏನೋ ಅನ್ನಲು ಬಾಯಿ ತೆರೆದಳು, ಅವನು ಕಣ್ಣಲ್ಲೇ ತಡೆದ. ತನ್ನ ಗಾಡಿಗೆ ಹೋಗಿ ಒಂದು ಕಾಲುಪಂಪು ತಂದ. ಹೊಚ್ಚ ಹೊಸದು, ಹೋದ ಬೇಸಿಗೆಯ ಉಪದೇಶ ಕೇಳಿದ ಮಾರನೆಯ ದಿನವೇ ಕೊಂಡದ್ದಂತೆ. ಒಂದು ವರ್ಷದಿಂದ ಗಾಡಿಯಲ್ಲಿ ಸುಮ್ಮನೆ ಬಿದ್ದಿತ್ತಂತೆ, ಇವತ್ತು ಅದರ ಋಣ ತೀರಿತಂತೆ.

ಐದು ಟಯರು, ಒಂದು ಪುಟಾಣಿ ಪಂಪು. ಬೂಶ್ತಾ ಮೊದಲನೆಯದನ್ನು ಅರ್ಧ ತುಂಬಿಸುವಷ್ಟರಲ್ಲಿ ಫೆಸ್ ಊರಿನ ಒಬ್ಬ ದರ್ಜಿ ಅವನನ್ನು ಪಕ್ಕಕ್ಕೆ ಸರಿಸಿ ತಾನು ತುಳಿಯತೊಡಗಿದ. ಅವನು ದಣಿದಾಗ ಇನ್ನೊಬ್ಬ. ಮದುವೆ ನಿಶ್ಚಯವಾದ ಹುಡುಗಿಯೊಬ್ಬಳು ಚಪ್ಪಲಿ ಬಿಟ್ಟು ತುಳಿದಳು, ಅವಳ ಅಜ್ಜಿ ಕೋಲೂರಿಕೊಂಡು ನಾಲ್ಕು ಸಲ ತುಳಿದು ನಮ್ಮದೂ ಇರಲಿ ಎಂದಳು. ಹನಿಯಾ ಈಗ ವೇಟನ್ನು ದಾರದಲ್ಲಿ ಕಟ್ಟಿ ಮಣಿಕಟ್ಟಿಗೆ ಬಿಗಿದುಕೊಂಡು, ಬೆಂದ ಕಡಲೆಯನ್ನು ಎಲ್ಲರಿಗೂ ಹಂಚಿದಳು. ಇತ್ತೋ ಚಹಾ ಬಗ್ಗಿಸಿದಳು. ಯಾರದೋ ಮಡಕೆಯ ಮಾಂಸ ಯಾರದೋ ರೊಟ್ಟಿಗೆ ಬಂತು. ಬೂಶ್ತಾ ಪ್ರತಿಯೊಬ್ಬರಿಗೂ ಅಲ್ಲಾಹ್ ನಿಮಗೆ ಒಳ್ಳೇದು ಮಾಡಲಿ ಅಂದ.

ಬಿಸಿಲು ಓರೆಯಾದಾಗ ತೂದಾ ಎದ್ದಳು. ಅಪ್ಪನ ತೋಳಲ್ಲಿ ಕತ್ತು ಹಿಂದಕ್ಕೆ ವಾಲಿಸಿ, ಬಾಯಿ ತೆರೆದು, ದೇವದಾರುವನ್ನು ಬುಡದಿಂದ ತುದಿಯವರೆಗೆ ನೋಡಿದಳು. ತುದಿ ಸಿಗಲಿಲ್ಲವೋ ಏನೋ, ನೋಡುತ್ತಲೇ ಇದ್ದಳು. ಬೂಶ್ತಾ ಅಲುಗಾಡದೆ ನಿಂತಿದ್ದ.

ಎರಡನೆಯ ಉದ್ಯಾನದಲ್ಲಿ ಖನೀಫ್ರಾದ ಹಸಿರು ಕೆರೆಯನ್ನೂ ನೋಡಿದರು. ಮೂರನೆಯದರಲ್ಲಿ, ದೂರದ ಬೆಟ್ಟದ ಮೇಲೆ, ಮದುಮಗಳ ಹೆಸರಿನ ಕೆರೆಯನ್ನೂ ನೋಡಿದರು. ಎರಡೂ ಕಡೆ ಕುಕ್ಕರ್ ಸರಿಯಾಗಿ ಕೂಗಿತು, ತೂದಾ ಸರಿಯಾಗಿ ಮಲಗಿದಳು. ಶಪಥ ನೆರವೇರಿತು.

ಮನೆಗೆ ಬಂದ ಮೇಲೆ ಟಯರಿನ ಗಾಳಿ ಸರಿಯಾಗಿದೆಯೇ ನೋಡು ಎಂದು ಇತ್ತೋ ಎಷ್ಟು ಹೇಳಿದರೂ ಬೂಶ್ತಾ ವಾಲ್ವಿನ ಮುಚ್ಚಳ ತೆಗೆಯಲಿಲ್ಲ. ಅದು ನನ್ನ ಗಾಳಿ ಅಲ್ಲ, ಇರಲಿ ಬಿಡು ಎಂದ. ಗೀರಿನಲ್ಲಿ ಸಿಕ್ಕಿದ್ದ ಸೂಜಿಯೆಲೆಯನ್ನೂ ಕೆರೆಯಲಿಲ್ಲ.

ಮಾರನೆಯ ದಿನದ ಮೊದಲ ಗಿರಾಕಿ ಬೆಟ್ಟಕ್ಕೆ ಹೊರಟವನು. ಬೂಶ್ತಾ ಗಾಳಿ ಹಾಕಿ, ಕೈ ಒರೆಸಿಕೊಂಡ. ಹಳೆಯ ಅಭ್ಯಾಸ, ಬಾಯಿಗೆ ಬಂದೇ ಬಿಟ್ಟಿತು.

"ಪಂಪಿಲ್ಲದೆ ಬೆಟ್ಟ ಹತ್ತೋನು..." ಎಂದವನು ಅಷ್ಟಕ್ಕೇ ನಿಲ್ಲಿಸಿದ.

ಗಿರಾಕಿ ಕಾದ. "ಹತ್ತೋನು? ಯಾರು ಮೇಸ್ತ್ರಿ?"

ಅಂಗಡಿಯ ಹಿಂದೆ ಕುಕ್ಕರ್ ಕೂಗುತ್ತಿತ್ತು. ಅದರ ಸದ್ದಿನ ಮೇಲೆ ಹನಿಯಾಳ ಧ್ವನಿ ತಣ್ಣಗೆ ತೇಲಿಬಂತು:

"ನನ್ನ ಮಗ."