ಆಫ್ ಒತ್ತಿದರೆ ನೀರು

ಪ್ರಸನ್ನಕುಮಾರನ ಕಷ್ಟಕ್ಕೆ ಮೂಲ ಅವನ ಬಾಯಿ. ನವುಲೆಯಲ್ಲಿ ಅವನ ಪಕ್ಕದ ಮನೆಯ ಉಜ್ಜನಪ್ಪನವರ ಮೋಟರು ಮಗಳ ನಿಶ್ಚಿತಾರ್ಥದ ದಿನವೇ ಸುಟ್ಟುಹೋಯಿತು. "ನಮ್ಮ ಟ್ಯಾಂಕಿಗೆ ಪೈಪ್ ಸಿಗಿಸ್ಕೊಳ್ಳಿ. ನಾವು ಭದ್ರಾವತಿಗೆ ಹೋಗ್ತಿದೀವಿ, ನೀರು ಖಾಲಿಯಾದ್ರೆ ಫೋನ್ ಮಾಡಿ. ಅಲ್ಲಿಂದಲೇ ಮೋಟರ್ ಹಾಕ್ತೀನಿ" ಎಂದುಬಿಟ್ಟ. ಮೊಬೈಲಿನಿಂದ ಮೋಟರು ನಡೆಸುವ ಡಬ್ಬಿಯನ್ನು ಹೋದ ವಾರವಷ್ಟೇ ಹಾಕಿಸಿದ್ದ. ಹೊಸ ವಾಚು ಕಟ್ಟಿದವನಿಗೆ ಯಾರಾದರೂ ಗಂಟೆ ಕೇಳಲಿ ಎನ್ನಿಸುವುದಿಲ್ಲವೇ, ಹಾಗೆ.

ಭದ್ರಾವತಿಯಲ್ಲಿ ಮಾವ ಶಿವಶಂಕರಪ್ಪನವರ ಪಕ್ಕ ಊಟಕ್ಕೆ ಕೂತಾಗ ಉಜ್ಜನಪ್ಪನವರ ಫೋನು ಬಂತು.

"ಬೀಗರು ಕೈ ತೊಳೀಬೇಕು ಮಾರಾಯ್ರೇ, ನೀರಿಲ್ಲ."

"ನೋಡ್ತಿರಿ ಮಾವ" ಎಂದು ಪ್ರಸನ್ನಕುಮಾರ ಆನ್ ಒತ್ತಿದ. ನೀರು ಬರಲಿಲ್ಲ. ಸಿಟ್ಟಿನಲ್ಲಿ ಆಫ್ ಒತ್ತಿದ.

"ಬಂತು, ಬಂತು" ಎಂದರು ಉಜ್ಜನಪ್ಪ.

"ಸಿಗ್ನಲ್ ಭದ್ರಾವತಿಯಿಂದ ಹೋಗ್ಬೇಕಲ್ಲ, ಸ್ವಲ್ಪ ತಡ" ಎಂದು ಮಾವನಿಗೆ ವಿವರಿಸಿ ಹೋಳಿಗೆಗೆ ತುಪ್ಪ ಹಾಕಿಸಿಕೊಂಡ.

ಹೋಳಿಗೆ ಮುಗಿಯುವ ಮೊದಲೇ ಮತ್ತೆ ಫೋನು. "ನಿಮ್ಮ ಟ್ಯಾಂಕ್ ತುಂಬಿ ನಮ್ಮ ಶಾಮಿಯಾನದ ಮೇಲೆ ಸುರೀತಿದೆ. ನಿಲ್ಸಿ."

ಆಫ್ ಒತ್ತಿದ. ನಿಲ್ಲಲಿಲ್ಲ. ಮತ್ತೆ ಒತ್ತಿದ.

"ಶಾಮಿಯಾನ ಎಮ್ಮೆ ಹೊಟ್ಟೆ ಥರ ಜೋತು ಬಿದ್ದಿದೆ ಕಣ್ರೀ. ಕೆಳಗೆ ಹುಡುಗನ ಸೋದರಮಾವ ಕೂತಿದಾರೆ."

ಎಂಜಲು ಕೈಯಲ್ಲೇ ಎದ್ದ ಪ್ರಸನ್ನಕುಮಾರ, ಡಬ್ಬಿ ಹಾಕಿಕೊಟ್ಟ ಮಾಚೇನಹಳ್ಳಿಯ ಆರಿಫನಿಗೆ ಫೋನು ಮಾಡಿದ.

"ಅಷ್ಟೇನಾ ಸಾರ್" ಎಂದ ಆರಿಫ್. "ಆಫ್ ಒತ್ತಿದ್ರೆ ನಿಮ್ಮ ಫೋನು ಸೊನ್ನೆ ಕಳಿಸ್ತದೆ. ನಿಮ್ಮ ಡಬ್ಬಿ ಸೊನ್ನೆ ಬಂದ್ರೆ ಓಡು, ಒಂದು ಬಂದ್ರೆ ನಿಲ್ಲು ಅಂತ ತಿಳ್ಕೊಳ್ತದೆ. ಡಬ್ಬಿಯ ಸೆಟ್ಟಿಂಗಲ್ಲಿ ಅದೆರಡನ್ನೂ ಅದಲುಬದಲು ಮಾಡಿ."

ಮಾಡಿದ. ಆಫ್ ಒತ್ತಿದ. ನೀರು ನಿಂತಿತು. ಉಜ್ಜನಪ್ಪನವರು ನಿಟ್ಟುಸಿರು ಬಿಟ್ಟದ್ದು ಫೋನಿನಲ್ಲೇ ಕೇಳಿಸಿತು. ಮಾವನೂ ಅಳಿಯನ ಬೆನ್ನು ತಟ್ಟಿದರು.

ಕೈ ತೊಳೆದು ಬರುವಷ್ಟರಲ್ಲಿ ಮತ್ತೆ ಫೋನು. "ಮತ್ತೆ ನೀರು ಶುರುವಾಗಿ ಶಾಮಿಯಾನ ಹರೀತು. ಸೋದರಮಾವನ ತಲೆ ಮೇಲೇ ಬಿತ್ತು."

ಪ್ರಸನ್ನಕುಮಾರ ಆಫ್ ಒತ್ತಿದ. ನಿಂತಿತು. ಮರುಕ್ಷಣವೇ ಶುರುವಾಯಿತು. ಇವನು ನಿಲ್ಲಿಸಿದಷ್ಟು ಸಲವೂ ಅದು ಹಟಮಾರಿ ಎತ್ತಿನಂತೆ ಎದ್ದು ಓಡುತ್ತಿತ್ತು.

"ದೆವ್ವ ಹೊಕ್ಕಿದೆಯೇನ್ರೀ" ಎಂದರು ಮಾವ.

ಅಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿ ಸುಮನಾ ಫೋನು ಒತ್ತುತ್ತಲೇ ಬಂದಳು. "ಏನ್ ಮೋಟರ್ ತಂದ್ರೀ ಮಾರಾಯ್ರೇ. ಉಜ್ಜನಪ್ಪನವರ ಮನೆಯವ್ರು, ಪ್ರೇಮಮ್ಮ, ಆಗಿಂದ ನನಗೆ ಫೋನ್ ಮಾಡಿ ನಿಲ್ಸು ಅಂತಿದಾರೆ. ನಾನು ನಿಲ್ಲಿಸ್ತಾನೇ ಇದೀನಿ, ನಿಲ್ತಾನೇ ಇಲ್ಲ."

"ಏನ್ ಒತ್ತಿದೆ?"

"ಆನ್. ನಿಲ್ಸೋಕೆ ಆನೇ ಅಲ್ವಾ ಒತ್ತಬೇಕು. ದಿನಾ ನನ್ನ ಫೋನಿಂದ ನೀರು ಬಿಡೋಳು ನಾನು, ಅದು ಉಲ್ಟಾ ಅಂತ ಮೊದಲ ದಿನವೇ ಗೊತ್ತಾಯ್ತು."

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ಹೊಸ ಡಬ್ಬಿ ಹಾಗೇ ಇರ್ಬೇಕು ಅಂದ್ಕೊಂಡೆ. ಅಭ್ಯಾಸ ಆಗೋಗಿದೆ ನನಗೆ."

ತಾನು ಈಗಷ್ಟೇ ಅದನ್ನು ಸರಿಮಾಡಿರುವುದಾಗಿ ಪ್ರಸನ್ನಕುಮಾರ ಹೇಳಿದ. ಸುಮನಾ ಅಪ್ಪನ ಮುಖ ನೋಡಿದಳು.

ಶಿವಶಂಕರಪ್ಪನವರು ಎಲೆಗೆ ಸುಣ್ಣ ಸವರುತ್ತ ನ್ಯಾಯ ತೀರ್ಮಾನ ಮಾಡಿದರು. "ಸರಿಯಾಗಿ ನಡೀತಿದ್ದದ್ದನ್ನ ಕೆಡಿಸಿದೋರು ನೀವು. ಮೊದಲಿದ್ದ ಹಾಗೇ ಮಾಡಿಬಿಡಿ."

ಮಾವನ ಎದುರೇ ಕೂತು ಪ್ರಸನ್ನಕುಮಾರ ಸರಿಯಿದ್ದದ್ದನ್ನು ಮತ್ತೆ ತಪ್ಪು ಮಾಡಿದ. ಸುಮನಾ ಆನ್ ಒತ್ತಿದಳು. ನವುಲೆಯಲ್ಲಿ ನೀರು ನಿಂತಿತು.

ಕೊನೆಗೊಮ್ಮೆ ಉಜ್ಜನಪ್ಪನವರ ಫೋನು. "ಬೀಗರು ಒಪ್ಪಿದ್ರು, ಪುಣ್ಯ. ಸುಮನಾಗೆ ಥ್ಯಾಂಕ್ಸ್ ಹೇಳಿ, ಅವಳು ನಿಲ್ಲಿಸಿದ್ಳಂತೆ. ನೀವು ಮದುವೆಗೆ ಬರುವಾಗ ಫೋನು ಮನೇಲೇ ಬಿಟ್ಟು ಬನ್ನಿ ಮಾರಾಯ್ರೇ."