ನೆಟ್ಟಗೆ ನಿಂತ ಬೈಕು

ಎಲ್ಲಾ ಶುರುವಾದದ್ದು ಹನ್ನೊಂದು ಸೆಂಟಿಮೀಟರಿನಿಂದ.

ಜರ್ಮನಿಯ ಎಸ್ಲಿಂಗೆನ್ನಿನ ನಮ್ಮ ಸಹಕಾರಿ ವಸತಿ ಕಟ್ಟಡದ ನೆಲಮಾಳಿಗೆಯಲ್ಲಿ ಗಾಡಿ ನಿಲ್ಲಿಸಲು ಹದಿನಾಲ್ಕು ಜಾಗಗಳಿವೆ. ಹದಿನಾಲ್ಕನೆಯದನ್ನು ಜಾಗ ಎನ್ನುವುದೇ ದೊಡ್ಡ ಮಾತು. ಒಂದು ಕಡೆ ಕಾಂಕ್ರೀಟ್ ಕಂಬ, ಇನ್ನೊಂದು ಕಡೆ ಹಳದಿ ಗೆರೆ, ನಡುವೆ ಒಂದು ಮೀಟರ್ ಐದು ಸೆಂಟಿಮೀಟರ್. ಅಲ್ಲಿ ಲೋಥಾರ್ ಬ್ರೆಂಡ್ಲೆಯ ಬೈಕು ನಿಲ್ಲುತ್ತಿತ್ತು. ನಾನೂರು ಕಿಲೋ ತೂಕ, ಎರಡೂ ಪಕ್ಕಕ್ಕೆ ಪೆಟ್ಟಿಗೆ, ಹಿಂದೆ ಸೋಫಾದಂಥ ಸೀಟು. ಆಲ್ಪ್ಸ್ ದಾಟಿ ಇಟಲಿಗೆ ಹೋಗಿ ಬರಲೆಂದೇ ಮಾಡಿದ ಗಾಡಿ. ಇಷ್ಟೆಲ್ಲ ಕೊಟ್ಟ ಕಂಪನಿಯವರು ಅದಕ್ಕೊಂದು ಸೆಂಟರ್ ಸ್ಟ್ಯಾಂಡ್ ಮಾತ್ರ ಕೊಟ್ಟಿರಲಿಲ್ಲ.

ಸೈಡ್ ಸ್ಟ್ಯಾಂಡಿನ ಮೇಲೆ ವಾಲಿ ನಿಂತಾಗ ಆ ಬೈಕಿನ ಹ್ಯಾಂಡಲ್ಲು ಗೆರೆ ದಾಟಿ ಹದಿಮೂರನೇ ಜಾಗದ ಮೇಲಕ್ಕೆ ಚಾಚುತ್ತಿತ್ತು. ಹದಿಮೂರು ಫ್ರಾವ್ ಷ್ಟೆಂಗೆಲ್ ಅವರದು. ಎಪ್ಪತ್ತೆರಡು ವರ್ಷ, ನಿವೃತ್ತ ಗಣಿತದ ಟೀಚರು. ಏಳು ವರ್ಷ ಸುಮ್ಮನಿದ್ದ ಆಯಮ್ಮ ಮೂರು ವಾರದ ಹಿಂದೆ ಟೇಪು ಹಿಡಿದುಕೊಂಡು ಕೆಳಗಿಳಿದು, ಹನ್ನೊಂದು ಸೆಂಟಿಮೀಟರ್ ಒತ್ತುವರಿಯಾಗಿದೆ ಎಂದು ಸಂಘಕ್ಕೆ ಪತ್ರ ಬರೆದರು. ಸಂಘದಿಂದ ಲೋಥಾರನಿಗೆ ಪತ್ರ ಬಂತು: ಬರುವ ಶನಿವಾರ ಸಂಜೆ ಐದು ಗಂಟೆಯ ಸಭೆಯ ಹೊತ್ತಿಗೆ ವಾಹನವು ಗೆರೆಯೊಳಗೆ ನಿಂತಿರಬೇಕು. ಇಲ್ಲದಿದ್ದರೆ ಹದಿನಾಲ್ಕನೇ ಜಾಗವನ್ನು ಹಿಂಪಡೆಯಲಾಗುವುದು.

ಲೋಥಾರನಿಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ನಗರಸಭೆಯ ಕಸ ಗುಡಿಸುವ ಲಾರಿಯನ್ನು ಇಪ್ಪತ್ಮೂರು ವರ್ಷದಿಂದ ಗಂಟೆಗೆ ಆರು ಕಿಲೋಮೀಟರಿನಲ್ಲಿ ಓಡಿಸಿಕೊಂಡು ಬಂದವನು, ಹಿಂದಿನವರ ಹಾರ್ನು ಕೇಳಿ ಕೇಳಿ ಹಾಗಾಗಿದ್ದ. ಆ ಬೈಕೊಂದೇ ಅವನ ಸುಖ. ಬೀದಿಯಲ್ಲಿ ಬಿಟ್ಟರೆ ಚಳಿಗಾಲದ ಉಪ್ಪು ಕಬ್ಬಿಣ ತಿನ್ನುತ್ತದೆ, ಮಾರ್ಟನ್ ಎಂಬ ಹಾಳು ಪ್ರಾಣಿ ಸೀಟಿನಡಿ ನುಗ್ಗಿ ವೈರು ಕಡಿಯುತ್ತದೆ. ಬೇರೆ ಜಾಗ ಸಿಗಬೇಕಾದರೆ ಯಾರಾದರೂ ಸಾಯಬೇಕು. ಜಾಗ ಹೋಯಿತೆಂದರೆ ಬೈಕನ್ನು ಮಾರಬೇಕು, ಬೇರೆ ದಾರಿಯಿಲ್ಲ.

ಆದ್ದರಿಂದ ಅವನು ಬೇರೆ ಕಂಪನಿಯವರು ಮಾಡಿದ ಸೆಂಟರ್ ಸ್ಟ್ಯಾಂಡ್ ಒಂದನ್ನು ತರಿಸಿದ. ನೆಟ್ಟಗೆ ನಿಂತರೆ ಬೈಕಿನ ಅಗಲ ತೊಂಬತ್ತಾರೇ ಸೆಂಟಿಮೀಟರ್. ಗೆರೆಯೂ ಉಳಿಯುತ್ತದೆ, ಮುದುಕಿಯ ಬಾಯಿಯೂ ಮುಚ್ಚುತ್ತದೆ. ಪೆಟ್ಟಿಗೆ ಬಂದು ತಲುಪಿದ್ದು ಮಾತ್ರ ಶುಕ್ರವಾರ ಸಂಜೆ. ವರ್ಕ್‌ಷಾಪಿನವರು ಆರು ವಾರ ಬಿಟ್ಟು ಬನ್ನಿ ಎಂದರು. ಲೋಥಾರ್ ಫೋನನ್ನು ಮೇಜಿನ ಮೇಲೆ ಕುಕ್ಕಿ, ತಾನೇ ಹಾಕುತ್ತೇನೆ ಎಂದ. ಹೆಂಡತಿ ಇರ್ಮ್‌ಗಾರ್ಟ್ ಬಕೆಟ್ಟು ತಂದು ಬಾಗಿಲ ಬಳಿ ಇಟ್ಟಳು. ಹಿಂದಿನ ಸಲ ತಾನೇ ಹಾಕುತ್ತೇನೆ ಎಂದದ್ದು ಸ್ನಾನದಮನೆಯ ನಲ್ಲಿ, ಅದರ ನೀರು ಮೂರು ಮಹಡಿ ಇಳಿದಿತ್ತು.

ಶನಿವಾರ ಬೆಳಿಗ್ಗೆ ಎಂಟಕ್ಕೆ ನೆಲಮಾಳಿಗೆಗೆ ಇಳಿದು, ಬೈಕನ್ನು ಅದರ ಜಾಗದಿಂದ ಈಚೆಗೆ ತಂದು, ಪೆಟ್ಟಿಗೆ ಬಿಚ್ಚಿದ. ಕಬ್ಬಿಣದ ಸ್ಟ್ಯಾಂಡು, ಒಂದು ದಪ್ಪ ಸ್ಪ್ರಿಂಗು, ಎರಡು ಬೋಲ್ಟು, ಆರು ಭಾಷೆಯ ಕಾಗದ. ಕಾಗದದ ಮೊದಲ ಸಾಲನ್ನು ಓದುತ್ತಲೇ ಅವನ ಮೈ ಉರಿಯಿತು. ಬೈಕನ್ನು ನೆಟ್ಟಗೆ ನಿಲ್ಲಿಸಿ, ಹಿಂದಿನ ಚಕ್ರವನ್ನು ನೆಲದಿಂದ ಮೇಲೆತ್ತಿಕೊಳ್ಳಿ ಎಂದಿತ್ತು.

"ನೆಟ್ಟಗೆ ನಿಲ್ಸೋಕಾಗಿದ್ರೆ ಈ ಸ್ಟ್ಯಾಂಡ್ ಯಾಕೆ ತರಿಸ್ತಿದ್ದೆ?" ಎಂದು ಕಾಗದವನ್ನೇ ಕೇಳಿದ.

ಆ ಮಾತು ಕೇಳಿ ವಾಲ್ಡೆಮಾರ್ ಬಂದ. ಎರಡನೇ ಮಹಡಿಯ ವಾಲ್ಡೆಮಾರ್ ನಲವತ್ತು ವರ್ಷ ಲೇತ್ ಮೆಷಿನ್ ಮುಂದೆ ನಿಂತು ರಿಟೈರಾದವನು. ಯಾರ ಮನೆಯಲ್ಲಿ ಸ್ಪ್ಯಾನರ್ ಬಿದ್ದ ಸದ್ದಾದರೂ ಅವನಿಗೆ ಕೇಳಿಸುತ್ತದೆ. ಕಾರಿನ ಜಾಕ್ ತಂದ, ಹಲಗೆ ತಂದ, ಬೈಕಿನ ಹೊಟ್ಟೆಯಡಿ ಇಟ್ಟು ಎತ್ತಿದ. ಬೈಕು ನೆಟ್ಟಗಾಯಿತು, ಆದರೆ ಅಲ್ಲಾಡುತ್ತಿತ್ತು. ಹಗ್ಗ ಹಾಕಿ ಕಂಬಕ್ಕೆ ಕಟ್ಟಿದರು. ಗಂಟು ಬಿಗಿಯುವುದರೊಳಗೆ ಹೆರ್ ಕ್ಯೂಬ್ಲರ್ ಮೆಟ್ಟಿಲಿಳಿದು ಬಂದರು. ಅವರು ನಮ್ಮ ಕಟ್ಟಡದ ಕಾರ್ಯದರ್ಶಿ, ಕಂಕುಳಲ್ಲಿ ಸದಾ ನಡಾವಳಿ ಪುಸ್ತಕ. ಕಂಬ ಎಲ್ಲರ ಆಸ್ತಿ, ಅದಕ್ಕೆ ಖಾಸಗಿ ಹಗ್ಗ ಕಟ್ಟುವಂತಿಲ್ಲ ಎಂದು ಬಹಳ ಮರ್ಯಾದೆಯಿಂದ ಹೇಳಿದರು. ಬೇಕಾದರೆ ಅರ್ಜಿ ಕೊಡಬಹುದಂತೆ, ಮುಂದಿನ ಸಭೆಯಲ್ಲಿ ತೀರ್ಮಾನವಾಗುತ್ತದಂತೆ.

ಲೋಥಾರ್ ಹಲ್ಲು ಕಡಿದು ಹಗ್ಗ ಬಿಚ್ಚಿದ. ಬೈಕನ್ನು ಅವನು ಹಿಡಿದುಕೊಂಡ, ಕೆಳಗೆ ಮಲಗಿ ವಾಲ್ಡೆಮಾರ್ ಕೆಲಸ ಮಾಡಿದ. ಮೊದಲ ಬೋಲ್ಟು ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯಿತು. ಎರಡನೆಯದು ಅರ್ಧಕ್ಕೆ ಕಚ್ಚಿಕೊಂಡಿತು. ಎಣ್ಣೆ ಹಾಕಿದರು, ಬೈದರು, ಸ್ಪ್ಯಾನರಿಗೆ ಪೈಪು ತೊಡಿಸಿ ಎಳೆದರು. ಕೊನೆಗೆ ಸುತ್ತಿಗೆ. ನಾಲ್ಕು ಏಟು ಬಿದ್ದಿರಬೇಕು, ಹೆರ್ ಕ್ಯೂಬ್ಲರ್ ಮತ್ತೆ ಮೆಟ್ಟಿಲ ಮೇಲೆ ಕಾಣಿಸಿಕೊಂಡರು. ಈ ಸಲ ಕೈಗಡಿಯಾರವನ್ನಷ್ಟೇ ತೋರಿಸಿದರು. ಒಂದು ಗಂಟೆ. ನಮ್ಮಲ್ಲಿ ಒಂದರಿಂದ ಮೂರು ಮಧ್ಯಾಹ್ನದ ಶಾಂತಿ. ಸುತ್ತಿಗೆಯಿರಲಿ, ಕಾರ್ಪೆಟ್ಟನ್ನು ಸಹ ಕೊಡವುವಂತಿಲ್ಲ.

ಬೋಲ್ಟು ಅರ್ಧ ಒಳಗೆ, ಅರ್ಧ ಹೊರಗೆ. ಬೈಕನ್ನು ಇಳಿಸಿದರೆ ಸ್ಟ್ಯಾಂಡು ಸೊಟ್ಟಗಾಗುತ್ತದೆ. ಬಿಟ್ಟರೆ ಬೀಳುತ್ತದೆ. ವಾಲ್ಡೆಮಾರನಿಗೆ ಊಟವಾದ ಮೇಲೆ ಒಂದು ನಿದ್ದೆ ಆಗಲೇಬೇಕು, ಡಾಕ್ಟರು ಹೇಳಿದ್ದಾರೆ. ಹಾಗೇ ಹಿಡ್ಕೊಂಡಿರು, ಮೂರಕ್ಕೆ ಬರ್ತೀನಿ ಎಂದು ಹೇಳಿ ಹೋದ.

ಹೀಗಾಗಿ ಲೋಥಾರ್ ಬ್ರೆಂಡ್ಲೆ ನಾನೂರು ಕಿಲೋ ಬೈಕನ್ನು ತಬ್ಬಿಕೊಂಡು ಎರಡು ಗಂಟೆ ನಿಂತ. ಬೈಯೋಣವೆಂದರೆ ಅದೂ ಮೆಲ್ಲಗೆ ಬೈಯಬೇಕು. ಇರ್ಮ್‌ಗಾರ್ಟ್ ತಟ್ಟೆಯಲ್ಲಿ ಬೇಳೆ, ಶಾವಿಗೆಯಂಥ ಸ್ಪೆಟ್ಸ್‌ಲೆ, ಸಾಸೇಜು ತಂದು ಚಮಚದಲ್ಲಿ ತಿನ್ನಿಸಿದಳು. ಕಾರು ತೆಗೆಯಲು ಬಂದವರೆಲ್ಲ ನಿಂತು ನೋಡಿ, ಊಟ ಚೆನ್ನಾಗಾಗಲಿ ಎಂದು ಹಾರೈಸಿ ಹೋದರು. ಒಬ್ಬೊಬ್ಬರು ಹಾರೈಸಿದಾಗಲೂ ಅವನ ಕಿವಿ ಇನ್ನಷ್ಟು ಕೆಂಪಾಯಿತು.

"ಮಾರಿಬಿಡು ಲೋಥಾರ್," ಎಂದಳು ಇರ್ಮ್‌ಗಾರ್ಟ್ ಅವನ ಬಾಯಿ ಒರೆಸುತ್ತಾ. "ಒಂದು ಗೆರೆಗೋಸ್ಕರ ಯಾಕಿಷ್ಟು ಉರ್ಕೋತೀಯ?"

"ಗೆರೆಗೋಸ್ಕರ ಅಲ್ಲ ಕಣೆ. ಆ ಮುದುಕಿ ಮುಂದೆ ಸೋತೆ ಅಂತಾಗ್ಬಾರ್ದು. ಅವಳು ಬಂದು ಅಳೀಬೇಕು, ಅಳೆದು ಪೆಚ್ಚಾಗ್ಬೇಕು. ಅದನ್ನ ನೋಡಿದ್ಮೇಲೆ ನಾನು ಸತ್ರೂ ಚಿಂತೆಯಿಲ್ಲ."

ಮೂರಕ್ಕೆ ವಾಲ್ಡೆಮಾರ್ ಬಂದ. ಮೂರು ಹತ್ತಕ್ಕೆ ಬೋಲ್ಟು ಒಳಗೆ ಹೋಯಿತು. ಉಳಿದದ್ದು ಸ್ಪ್ರಿಂಗು. ಈಗ ಬೈಕನ್ನು ವಾಲ್ಡೆಮಾರ್ ಹಿಡಿದುಕೊಂಡ. ಹೆಬ್ಬೆರಳು ದಪ್ಪದ ಸ್ಪ್ರಿಂಗನ್ನು ಎಳೆದು ಹಿಗ್ಗಿಸಿ ಕೊಕ್ಕೆಗೆ ಸಿಕ್ಕಿಸಬೇಕು. ಲೋಥಾರನಿಗೆ ಇದ್ದ ಸಿಟ್ಟಿಗೆ ರೈಲನ್ನೇ ಎಳೆಯುತ್ತಿದ್ದ, ಸ್ಪ್ರಿಂಗು ಮಾತ್ರ ಹಿಗ್ಗಲಿಲ್ಲ. ಮೂರನೇ ಎಳೆತಕ್ಕೆ ಕೈ ಜಾರಿ, ಸ್ಪ್ರಿಂಗು ಹಾರಿ, ಚಾವಣಿಯ ಟ್ಯೂಬ್‌ಲೈಟಿಗೆ ಬಡಿಯಿತು. ಗಾಜು ಉದುರಿತು. ಹೆರ್ ಕ್ಯೂಬ್ಲರ್ ಬಂದು ಅದನ್ನು ಬರೆದುಕೊಂಡು ಹೋದರು.

"ಸಿಟ್ಟಲ್ಲಿ ಸ್ಪ್ರಿಂಗ್ ಬಗ್ಗಲ್ಲಪ್ಪ," ಎಂದ ವಾಲ್ಡೆಮಾರ್. ಸ್ಪ್ರಿಂಗನ್ನು ಮನೆಗೆ ಒಯ್ದು ವೈಸಿನಲ್ಲಿ ಕಚ್ಚಿಸಿ, ಒಂದು ಕಡೆಗೆ ಬಗ್ಗಿಸಿ, ಬಾಯಿಬಿಟ್ಟ ಸುರುಳಿಗಳ ಸಂದಿಗೆ ಒಂದೊಂದು ವಾಷರ್ ತುರುಕಿದ. ಇನ್ನೊಂದು ಕಡೆಗೆ ಬಗ್ಗಿಸಿ ಅಲ್ಲೂ ತುರುಕಿದ. ಸ್ಪ್ರಿಂಗು ತಾನಾಗಿಯೇ ಉದ್ದವಾಯಿತು. ಕೊಕ್ಕೆಗೆ ಸಲೀಸಾಗಿ ಕೂತಿತು. ಸ್ಟ್ಯಾಂಡನ್ನು ಕಾಲಲ್ಲಿ ಒಮ್ಮೆ ಕೆಳಗೊತ್ತಿದಾಗ ವಾಷರುಗಳೆಲ್ಲ ಟಣಟಣ ನೆಲಕ್ಕೆ ಬಿದ್ದವು.

ಗಂಟೆ ನಾಲ್ಕೂವರೆ. ಜಾಕ್ ಇಳಿಸಿ, ಬೈಕನ್ನು ಹದಿನಾಲ್ಕನೇ ಜಾಗಕ್ಕೆ ತಳ್ಳಿದರು. ಈಗ ಅದನ್ನು ಸ್ಟ್ಯಾಂಡಿನ ಮೇಲೆ ಎತ್ತಬೇಕು. ಲೋಥಾರ್ ಹ್ಯಾಂಡಲ್ಲು ಹಿಡಿದು ಎಳೆದ. ಬೈಕು ಕದಲಲಿಲ್ಲ. ಇನ್ನೂ ಸಿಟ್ಟಿನಿಂದ ಎಳೆದ, ಅವನ ಸೊಂಟ ಲಟಕ್ ಎಂದಿತು. ಅಷ್ಟರಲ್ಲಿ ಸಭೆಗೆಂದು ಜನ ಇಳಿದು ಬರತೊಡಗಿದ್ದರು. ಒಬ್ಬರು ಹಿಂದಿನಿಂದ ತಳ್ಳು ಎಂದರು, ಇನ್ನೊಬ್ಬರು ಮುಂದಿನಿಂದ ಎಳೆ ಎಂದರು, ಬೈಕನ್ನೇ ಕಾಣದ ಮೂರನೆಯವರು ಗಾಳಿ ಕಡಿಮೆ ಮಾಡು ಎಂದರು. ಕೈ ಹಾಕಿದವರು ಒಬ್ಬರೂ ಇಲ್ಲ. ಐದಕ್ಕೆ ಹತ್ತು ನಿಮಿಷವಿತ್ತು. ಲೋಥಾರನಿಗೆ ಅಳು ಬರುವಷ್ಟು ಕೋಪ ಬಂದಿತ್ತು.

ಆಗ ಫ್ರಾವ್ ಷ್ಟೆಂಗೆಲ್ ಬಂದರು. ಕೈಯಲ್ಲಿ ಎರಡು ಬೆರಳು ದಪ್ಪದ ಒಂದು ಹಲಗೆ. ಬಂದವರೇ ಮೊದಲು ತಮ್ಮ ಕಾರನ್ನು ಆಚೆ ತೆಗೆದು, ಅವನಿಗೆ ನಿಲ್ಲಲು ಜಾಗ ಮಾಡಿಕೊಟ್ಟರು.

"ಹಿಂದಿನ ಚಕ್ರ ಈ ಹಲಗೆ ಮೇಲೆ ಬರಲಿ, ಹೆರ್ ಬ್ರೆಂಡ್ಲೆ," ಎಂದರು. "ಕೈಯಲ್ಲಿ ಎಳೀಬೇಡಿ. ಸ್ಟ್ಯಾಂಡಿನ ಕಾಲ್ಮೆಟ್ಟಿನ ಮೇಲೆ ನಿಮ್ಮ ಪೂರ್ತಿ ಭಾರ ಬಿಟ್ಟು ನಿಂತ್ಕೊಳ್ಳಿ. ಅದು ನೆಟ್ಟಗೆ ನಿಲ್ಲಲಿ ಅಂತ ನಿಮಗಿಂತ ನನಗೇ ಜಾಸ್ತಿ ಆಸೆ."

ವೈರಿಯ ಮಾತು ಕೇಳುವುದೇ ಎಂದು ಲೋಥಾರ್ ಒಂದು ಗಳಿಗೆ ಯೋಚಿಸಿದ. ಗಡಿಯಾರ ನೋಡಿ ಒಪ್ಪಿಕೊಂಡ. ಹಲಗೆ ಇಟ್ಟು, ಕಾಲ್ಮೆಟ್ಟಿನ ಮೇಲೆ ಹತ್ತಿ ನಿಂತ. ಬೈಕು ಒಮ್ಮೆ ನರಳಿ, ಹಿಂದಕ್ಕೆ ಸರಿದು, ಎದ್ದು ನಿಂತಿತು. ನೆಟ್ಟಗೆ, ಒಂದು ಕೂದಲೆಳೆಯೂ ವಾಲದೆ. ನೋಡುತ್ತಿದ್ದವರು ಚಪ್ಪಾಳೆ ತಟ್ಟಿದರು. ಲೋಥಾರನಿಗೆ ಮುದುಕಿಯ ಮೇಲೆ ಪ್ರೀತಿಯೇ ಉಕ್ಕಿತು. ಗಟ್ಟಿ ಹೆಂಗಸು, ಒಳಗೆ ಒಳ್ಳೆಯ ಮನಸ್ಸು ಎಂದು ಇರ್ಮ್‌ಗಾರ್ಟಳ ಕಿವಿಯಲ್ಲಿ ಹೇಳಿದ.

ಐದು ಗಂಟೆಗೆ ಸಭೆ ಅಲ್ಲೇ, ಬೈಕಿನ ಸುತ್ತಲೇ ಸೇರಿತು. ಹೆರ್ ಕ್ಯೂಬ್ಲರ್ ಕಂಬದ ಕಡೆಯಿಂದ ಅಳೆದರು, ಗೆರೆಯ ಕಡೆಯಿಂದ ಅಳೆದರು. ತೊಂಬತ್ತಾರು ಎಂದರು. ಗೆರೆಯೊಳಗೆ ಒಂಬತ್ತು ಸೆಂಟಿಮೀಟರ್ ಮಿಕ್ಕಿತ್ತು. ಫ್ರಾವ್ ಷ್ಟೆಂಗೆಲ್ ತಮ್ಮ ದೂರನ್ನು ಹಿಂಪಡೆದರು. ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ನಮ್ಮವರ ಬುದ್ಧಿ ಗೊತ್ತಲ್ಲ, ಬರೆದು ಸಹಿ ಬೀಳುವ ತನಕ ಗೆದ್ದ ಸಮಾಧಾನವಿಲ್ಲ.

"ಬಾಯಿಮಾತು ಬೇಡ," ಎಂದ ಲೋಥಾರ್ ಎದೆಯುಬ್ಬಿಸಿ. "ಮೂರು ವಾರ ನನ್ನ ನಿದ್ದೆ ಕೆಡಿಸಿದ್ದೀರಿ. ತೊಂಬತ್ತಾರು ಅಂತ ನಡಾವಳೀಲಿ ಬರೀರಿ. ಎಲ್ರೂ ಸಹಿ ಹಾಕ್ಬೇಕು. ನಾನೇ ಮೊದ್ಲು ಹಾಕ್ತೀನಿ."

ಹೆರ್ ಕ್ಯೂಬ್ಲರ್ ಬರೆದರು. ಲೋಥಾರ್ ಸಹಿ ಹಾಕಿದ. ಎರಡನೆಯ ಸಹಿ ಫ್ರಾವ್ ಷ್ಟೆಂಗೆಲ್ ಅವರದು, ಬಹಳ ಅಂದವಾಗಿ ಹಾಕಿದರು. ಎಲ್ಲರ ಸಹಿಯೂ ಆದ ಮೇಲೆ ಕ್ಯೂಬ್ಲರ್ ಪುಸ್ತಕದ ಹಿಂದಿನ ಹಾಳೆಗಳನ್ನು ತಿರುವಿ, ಗಂಟಲು ಸರಿಮಾಡಿಕೊಂಡು, ಇನ್ನೊಂದು ಅರ್ಜಿ ಇದೆ ಎಂದರು. ಫ್ರಾವ್ ಷ್ಟೆಂಗೆಲ್ ಅಗಲವಾದ ಹೊಸ ಕಾರು ತೆಗೆದುಕೊಳ್ಳುತ್ತಿದ್ದಾರೆ. ಬಾಗಿಲು ತೆರೆಯಲು ಜಾಗ ಸಾಲದು. ಹದಿನಾಲ್ಕನ್ನು ಹದಿಮೂರಕ್ಕೆ ಸೇರಿಸಿಕೊಡಬೇಕೆಂದು ನಿಯಮ ಹತ್ತೊಂಬತ್ತರ ಪ್ರಕಾರ ಕೇಳಿದ್ದಾರೆ.

ಆಮೇಲೆ ನಿಯಮ ಹತ್ತೊಂಬತ್ತನ್ನು ಓದಿದರು. ನಿಂತಾಗ ಒಂದು ಮೀಟರಿಗಿಂತ ಕಡಿಮೆ ಅಗಲ ಹಿಡಿಯುವ ಯಾವುದೇ ದ್ವಿಚಕ್ರ ವಾಹನವು ನೆಲಮಾಳಿಗೆಯ ಜಾಗಕ್ಕೆ ಅರ್ಹವಲ್ಲ. ಅದನ್ನು ಹಿತ್ತಲಿನಲ್ಲಿ, ಕಸದ ಡಬ್ಬಗಳ ಪಕ್ಕದ ಸೈಕಲ್ ಸಾಲಿನಲ್ಲಿ ನಿಲ್ಲಿಸತಕ್ಕದ್ದು.

ಲೋಥಾರನ ಮುಖ ಬಿಳಿಚಿ, ಆಮೇಲೆ ಕೆಂಪಾಗಿ, ಕೊನೆಗೆ ಎರಡೂ ಅಲ್ಲದ ಬಣ್ಣಕ್ಕೆ ತಿರುಗಿತು. ಯಾವ ಕತ್ತೆ ಈ ನಿಯಮ ಮಾಡಿದ್ದು ಎಂದು ಕೇಳಿದ.

ಕ್ಯೂಬ್ಲರ್ ಬೆರಳಿಟ್ಟು ತೋರಿಸಿದರು. ಸೂಚಿಸಿದವರು, ಲೋಥಾರ್ ಬ್ರೆಂಡ್ಲೆ. ಏಳು ವರ್ಷದ ಹಿಂದೆ ಈ ಜಾಗದಲ್ಲಿ ಔಷಧಿ ಅಂಗಡಿಯ ಹುಡುಗಿಯೊಬ್ಬಳು ಸಣ್ಣ ಸ್ಕೂಟರು ನಿಲ್ಲಿಸುತ್ತಿದ್ದಳು. ಅವಳನ್ನು ಎಬ್ಬಿಸಲು ಇವನೇ ಮೇಜು ಗುದ್ದಿ ಮಾಡಿಸಿದ ನಿಯಮ ಅದು. ವಾಲಿ ನಿಂತು ಒಂದು ಮೀಟರ್ ಹದಿನಾರು ಹಿಡಿಯುತ್ತಿದ್ದ ಇವನ ಬೈಕಿಗೆ ಅವತ್ತು ಅದು ತಗಲಲಿಲ್ಲ.

ಲೋಥಾರ್ ಸೊಂಟ ಹಿಡಿದುಕೊಂಡು ಫ್ರಾವ್ ಷ್ಟೆಂಗೆಲ್ ಕಡೆ ತಿರುಗಿದ. ಅವರು ತಮ್ಮ ಹಲಗೆಯನ್ನು ಒರೆಸುತ್ತಿದ್ದರು. ದೂರು ಕೊಟ್ಟ ದಿನವೇ ಈ ಅರ್ಜಿಯನ್ನೂ ಕೊಟ್ಟಿದ್ದೆ, ಎರಡರಲ್ಲೊಂದು ಹೇಗೂ ಆಗಲೇಬೇಕಿತ್ತು ಎಂದು ಪಾಠ ಹೇಳುವ ದನಿಯಲ್ಲಿ ವಿವರಿಸಿದರು.

"ವಾಲಿಸಿದ್ರೆ ಗೆರೆ ದಾಟ್ತು ಅಂತ ಕಿತ್ಕೋತೀರಿ," ಎಂದ ಲೋಥಾರ್. ಅವನ ದನಿ ಮಧ್ಯಾಹ್ನದ ಶಾಂತಿಯ ಹೊತ್ತಿಗಿಂತಲೂ ಮೆಲ್ಲಗಿತ್ತು. "ನೆಟ್ಟಗೆ ನಿಲ್ಸಿದ್ರೆ ದಾಟ್ಲಿಲ್ಲ ಅಂತ ಕಿತ್ಕೋತೀರಿ. ಅಂದ್ರೆ ನಾನು ಏನು ಮಾಡಿದ್ರೂ ಈ ಜಾಗ ನನಗಿಲ್ಲ, ಹೌದೋ ಅಲ್ವೋ?"

ಹೆರ್ ಕ್ಯೂಬ್ಲರ್ ಪ್ರಾಮಾಣಿಕವಾಗಿ ಯೋಚಿಸಿದರು. ಆಮೇಲೆ ಪೆನ್ನಿನ ಮುಚ್ಚಳ ತೆಗೆದರು.

"ಸರಿಯಾಗಿ ಹೇಳಿದ್ರಿ, ಹೆರ್ ಬ್ರೆಂಡ್ಲೆ. ಇದನ್ನೂ ಬರ್ಕೊಳ್ಳಲಾ?"